ಗೆಂಡೆಗೆ ಹಿಂಡಿ ರುಚಿಸುವುದು ಯಾವಾಗ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಯಾವ ಭಾಗವೂ ದಂಡವಾಗುವುದಿಲ್ಲ. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ಉಂಡೆ ಕೊಬ್ಬರಿಯಾಗುತ್ತದೆ, ಮಟ್ಟೆ ನಾರಾಗುತ್ತದೆ, ಚಿಪ್ಪು ಇದ್ದಿಲಾಗುತ್ತದೆ. ಎಣ್ಣೆಗೆ ಹೋದ ಕೊಬ್ಬರಿ ಕೊನೆಗೆ ಹಿಂಡಿಯಾಗಿ ಹಸುವಿನ ಬಾನಿ ಸೇರುತ್ತದೆ. ಇದೇ ಹಿಂಡಿಗೆ ಇನ್ನೊಂದು ಗಿರಾಕಿ ಇದೆ: ಮೀನು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ತೋಟ, ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ನೀರು ನಿಂತ ಕಡೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ಬಿಡುವವರೂ ಇದ್ದಾರೆ. ಹಸುವಿಗೆ ಒಗ್ಗಿದ ಹಿಂಡಿ ಗೆಂಡೆಗೂ ಒಗ್ಗೀತೇ ಎಂಬ ಪ್ರಶ್ನೆ ಏಳುವುದು ಇಲ್ಲೇ.

ಹಿಂಡಿಗಿಂತ ಮೊದಲು ಹೊಂಡದ ವಿಷಯ. ಮಲ್ಲಾಘಟ್ಟದಂಥ ಹಳೆಯ ಕೆರೆಯಲ್ಲಿ ಮಣ್ಣಿನ ಸಾರ, ಕೊಳೆತ ಎಲೆ, ದನದ ಗೊಬ್ಬರ ಎಲ್ಲ ಸೇರಿ ನೀರು ಹಸಿರಾಗುತ್ತದೆ. ಆ ಹಸಿರೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಅದನ್ನು ತಿನ್ನುವ ಪುಟ್ಟ ಜೀವಿಗಳು. ಕೆರೆಯ ಮೀನಿಗೆ ಅದೇ ಬಿಟ್ಟಿ ಊಟ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಮಣ್ಣಿಗೂ ನೀರಿಗೂ ಸಂಬಂಧವೇ ಇರುವುದಿಲ್ಲ. ನೀರು ಇಂಗುವುದು ನಿಲ್ಲುತ್ತದೆ, ಬಿಟ್ಟಿ ಊಟವೂ ತೆಳುವಾಗುತ್ತದೆ. ಹಾಗಾಗಿ ಹೊಂಡದ ಮೀನು ನಾವು ಹಾಕುವ ಮೇವನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುತ್ತದೆ. ಕೆರೆಯಲ್ಲಿ ನಡೆದುಹೋಗುವ ಮೇವಿನ ತಪ್ಪು ಹೊಂಡದಲ್ಲಿ ನಡೆಯುವುದಿಲ್ಲ.

ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ. ಗಂಟಲಿನ ಹಲ್ಲುಗಳಲ್ಲಿ ಅರೆದದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ. ಒಂದೇ ಸಲ ಹೊಟ್ಟೆ ತುಂಬಿಸಿಕೊಂಡು ನಿಧಾನವಾಗಿ ಅರಗಿಸುವ ಸೌಕರ್ಯ ಅವಕ್ಕಿಲ್ಲ, ಸ್ವಲ್ಪಸ್ವಲ್ಪವೇ ಹಲವು ಸಲ ತಿನ್ನಬೇಕು. ದಿನದ ಮೇವನ್ನೆಲ್ಲ ಒಂದೇ ಸಲ ಸುರಿದರೆ ಅರ್ಧ ನೀರುಪಾಲು.

ರುಚಿಯ ಅಂಗಗಳಂತೂ ಇನ್ನೂ ವಿಚಿತ್ರ. ಸಾಮಾನ್ಯ ಗೆಂಡೆಯ ಬಾಯಿಯ ಅಕ್ಕಪಕ್ಕ ಎರಡು ಜೊತೆ ಮೀಸೆಗಳಿವೆ. ಮೀಸೆ, ತುಟಿ, ಬಾಯಿಯ ಒಳಗೋಡೆ ಎಲ್ಲೆಡೆ ರುಚಿಮೊಗ್ಗುಗಳಿರುತ್ತವೆ. ತಳದಲ್ಲಿ ಬಿದ್ದ ಮೇವಿನ ಕಾಳನ್ನು ಅದು ನೀರಿನೊಂದಿಗೆ ಒಳಗೆಳೆದುಕೊಳ್ಳುತ್ತದೆ, ಅಂಗುಳಿನ ಮೆತ್ತನೆಯ ಭಾಗಕ್ಕೆ ಒತ್ತಿ ನೋಡುತ್ತದೆ, ಮಣ್ಣುಕಲ್ಲನ್ನು ಬೇರ್ಪಡಿಸಿ ಉಗುಳಿ ಉಳಿದದ್ದನ್ನು ನುಂಗುತ್ತದೆ. ರುಚಿ ಒಪ್ಪದಿದ್ದರೆ ಕಾಳನ್ನೇ ಉಗುಳಿಬಿಡುತ್ತದೆ. ಮೀನು ಮೇವಿಗೆ ಮುತ್ತಿತೆಂದ ಮಾತ್ರಕ್ಕೆ ಅದನ್ನು ತಿಂದಿತೆಂದು ಲೆಕ್ಕ ಹಾಕುವಂತಿಲ್ಲ.

ಅದಕ್ಕೆ ಯಾವುದು ರುಚಿ? ಮಾಸ್ಕೋ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಕಸುಮ್ಯಾನ್ ಮತ್ತು ಸಂಗಡಿಗರು ಅಗರ್ ಜೆಲ್ಲಿಯ ತುಣುಕುಗಳಿಗೆ ಒಂದೊಂದೇ ಅಮೈನೊ ಆಮ್ಲ ಬೆರೆಸಿ ಸಾಮಾನ್ಯ ಗೆಂಡೆಗೆ ಕೊಟ್ಟು ನೋಡಿದರು. 1996ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಗೆಂಡೆಗೆ ತುಂಬ ಹಿಡಿಸಿದವುಗಳಲ್ಲಿ ಸಿಸ್ಟೀನ್, ಪ್ರೋಲೀನ್ ಇದ್ದವು. ಹುಳು, ಸಿಗಡಿ, ಒಣಮೀನಿನ ಪುಡಿಯಂಥ ಪದಾರ್ಥಗಳಿಂದ ಬಿಡಿ ಅಮೈನೊ ಆಮ್ಲಗಳು ಸಲೀಸಾಗಿ ನೀರಿಗೆ ಬಿಡುತ್ತವೆ. ಮೀನು ಅವುಗಳ ಕಡೆ ನುಗ್ಗುವುದು ಅದಕ್ಕೇ. ಆದರೆ ಗಮನಿಸಬೇಕಾದ ಮಾತೊಂದಿದೆ: ನಾಲಿಗೆಗೆ ಹಿಡಿಸಿದ ಪ್ರೋಲೀನ್, ಮೀನು ಆಹಾರದಿಂದಲೇ ಪಡೆಯಬೇಕಾದ ಹತ್ತು ಅಮೈನೊ ಆಮ್ಲಗಳ ಪಟ್ಟಿಯಲ್ಲಿಲ್ಲ. ಆ ಪಟ್ಟಿಯಲ್ಲಿರುವ ಲೈಸೀನ್ ಇಲ್ಲದೆ ಮೈ ಬೆಳೆಯುವುದಿಲ್ಲ. ಹಸಿವು ಕೆರಳಿಸುವುದೇ ಬೇರೆ, ಬೆಳೆಸುವುದೇ ಬೇರೆ. ಮೇವಿನಲ್ಲಿ ಎರಡೂ ಇರಬೇಕು.

ಕೊಬ್ಬರಿ ಹಿಂಡಿ ಸೋಲುವುದು ಈ ಲೈಸೀನ್‌ನಲ್ಲಿ. ಹಿಂಡಿಯಲ್ಲಿ ಪ್ರೋಟೀನು ನೂರಕ್ಕೆ ಸುಮಾರು 21 ಭಾಗ. ಸಾಮಾನ್ಯ ಗೆಂಡೆಗೆ ಪ್ರತಿ 100 ಗ್ರಾಂ ಪ್ರೋಟೀನಿನಲ್ಲಿ 5.7 ಗ್ರಾಂ ಲೈಸೀನ್ ಬೇಕು, ಕೊಬ್ಬರಿಯ ಪ್ರೋಟೀನಿನಲ್ಲಿ ಅದರ ಅರ್ಧದಷ್ಟಿದ್ದರೆ ಹೆಚ್ಚು. ಗಾರೆ ಮುಗಿದ ಮೇಲೆ ಇಟ್ಟಿಗೆ ಎಷ್ಟಿದ್ದರೂ ಗೋಡೆ ಏಳದ ಹಾಗೆ, ಲೈಸೀನ್ ಮುಗಿದ ಕೂಡಲೇ ಉಳಿದ ಪ್ರೋಟೀನು ಮೈಗೆ ಹತ್ತದೆ ಸುಟ್ಟುಹೋಗುತ್ತದೆ. ಹಾಗೆ ಸುಟ್ಟ ಪ್ರೋಟೀನು ಅಮೋನಿಯಾ ಆಗಿ ಹೊಂಡದ ನೀರಿಗೇ ಸೇರುತ್ತದೆ. ಎಣ್ಣೆ ತೆಗೆಯುವಾಗ ಹಿಂಡಿ ಹೆಚ್ಚು ಕಾದಿದ್ದರೆ ಇರುವ ಲೈಸೀನೂ ಕೆಡುತ್ತದೆ. ಕಪ್ಪಗೆ ಕಾಣುವ ಹಿಂಡಿಯನ್ನು ನಾನಂತೂ ಮೀನಿಗೆ ಕೊಡಿ ಎನ್ನುವುದಿಲ್ಲ.

ಇನ್ನೊಂದು ತೊಡಕು ನಾರಿನದು. ಕೊಬ್ಬರಿ ಹಿಂಡಿಯಲ್ಲಿ ಮ್ಯಾನನ್ ಎಂಬ ಗಟ್ಟಿ ಸಕ್ಕರೆಸರಪಳಿ ಬಹಳ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ, ಗೆಂಡೆಯ ಕರುಳಿಗೆ ಅದು ಕಷ್ಟ. ಶಾಂತಿನಿಕೇತನದ ವಿಶ್ವಭಾರತಿಯ ಸಂಶೋಧಕರು ಕೊಬ್ಬರಿ ಹಿಂಡಿಯನ್ನು ಮೊಸರು ಕಟ್ಟಿಸುವ ಬ್ಯಾಕ್ಟೀರಿಯಾಗಳ ಬಳಗಕ್ಕೆ ಸೇರಿದ ಲ್ಯಾಕ್ಟೊಬ್ಯಾಸಿಲಸ್‌ನಿಂದ ಹುಳಿ ಬರಿಸಿ ರೋಹು ಮರಿಗಳಿಗೆ ಕೊಟ್ಟರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಿಂಡಿಯ ಒಗರಿಗೆ ಕಾರಣವಾದ ಟ್ಯಾನಿನ್ ಗಣನೀಯವಾಗಿ ಇಳಿದಿತ್ತು, ಹಸಿ ಹಿಂಡಿಗಿಂತ ಹುಳಿ ಹಿಂಡಿಯನ್ನು ಮೀನು ಚೆನ್ನಾಗಿ ಬಳಸಿಕೊಂಡಿತು. ಹಿಂಡಿ ನೆನೆಹಾಕುವ ರೂಢಿ ನಮ್ಮ ಹಟ್ಟಿಗಳಲ್ಲಿ ಇದ್ದೇ ಇದೆ, ಈ ದಾರಿ ಇಲ್ಲಿಗೆ ಹೊಸದೇನೂ ಆಗಲಾರದು.

ಲೈಸೀನ್ ಕೊರತೆಗೆ ಪರಿಹಾರವೂ ಕರ್ನಾಟಕದಲ್ಲೇ ಇದೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಪ್ಯೂಪಾದಲ್ಲಿ ಅರ್ಧಕ್ಕರ್ಧ ಪ್ರೋಟೀನು, ಅದರಲ್ಲಿ ಲೈಸೀನ್ ಧಾರಾಳ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದ ಮೊದಲ ಮೀನುಗಾರಿಕೆ ಕಾಲೇಜು. ಅಲ್ಲಿ ಎಂ.ಸಿ. ನಂದೀಶ, ಪಿ. ಕೇಶವನಾಥ್, ಟಿ.ಜೆ. ವರ್ಗೀಸ್ ಮೊದಲಾದವರು ಎಣ್ಣೆ ತೆಗೆಯದ ಪ್ಯೂಪಾವನ್ನು ಸಾಮಾನ್ಯ ಗೆಂಡೆಯ ಮೇವಿಗೆ ಸೇರಿಸಿ ನೋಡಿ 1990ರಲ್ಲಿ ಪ್ರಕಟಿಸಿದರು. 2000ದಲ್ಲಿ ಬಂದ ಮುಂದಿನ ಪ್ರಬಂಧದಲ್ಲಿ ಪ್ಯೂಪಾ ಪ್ರಮಾಣವನ್ನು ಶೇ. 50ರವರೆಗೂ ಏರಿಸಿದ್ದರು. ಬೆಳವಣಿಗೆಗಾಗಲಿ ಮಾಂಸದ ರುಚಿಗಾಗಲಿ ಧಕ್ಕೆ ಬರಲಿಲ್ಲ. ತಾಜಾ ಒಣಗಿಸಿದ ಪ್ಯೂಪಾ ಮೀನನ್ನು ಕರೆಯುತ್ತದೆ, ಬೆಳೆಸುತ್ತದೆ ಕೂಡ. ಗೊಬ್ಬರದ ಗುಂಡಿಗೆ ಹೋಗಬೇಕಾದ ಪದಾರ್ಥವಲ್ಲ ಅದು.

ಲೆಕ್ಕ ಹಾಕಿ ನೋಡೋಣ. ಹತ್ತು ಕೆಜಿ ಮೇವಿಗೆ ಕೊಬ್ಬರಿ ಹಿಂಡಿ 3 ಕೆಜಿ, ಅಕ್ಕಿ ತೌಡು 3, ಕಡಲೆಕಾಯಿ ಹಿಂಡಿ 2, ಪ್ಯೂಪಾ ಪುಡಿ 2. ತೌಡಿನಲ್ಲಿ ಶೇ. 13, ಕಡಲೆಕಾಯಿ ಹಿಂಡಿಯಲ್ಲಿ 42, ಪ್ಯೂಪಾದಲ್ಲಿ 50 ಪ್ರೋಟೀನು ಎಂದಿಟ್ಟುಕೊಂಡರೆ ಒಟ್ಟು ಶೇ. 28ರ ಮೇಲೆ ಬೀಳುತ್ತದೆ. ಬೆಳೆಯುವ ಗೆಂಡೆಗೆ ಅಷ್ಟು ಸಾಕು. ಬರಿಯ ಕೊಬ್ಬರಿ ಹಿಂಡಿ, ತೌಡು ಸಮಸಮ ಹಾಕಿದರೆ ಶೇ. 17 ದಾಟುವುದಿಲ್ಲ. ಖರ್ಚು ಉಳಿಸಲು ಇನ್ನೊಂದು ಹಾದಿಯಿದೆ. ಶ್ರೀಲಂಕಾ ಮೂಲದ ಸೇನ ಡಿಸಿಲ್ವಾ ಅವರೊಂದಿಗೆ ನಂದೀಶ ನಡೆಸಿ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳಿಗೆ ಹೆಚ್ಚು ಪ್ರೋಟೀನಿನ ಮೇವು, ಕಡಿಮೆ ಪ್ರೋಟೀನಿನ ಮೇವು ಎರಡನ್ನೂ ಸರದಿಯಲ್ಲಿ ಕೊಟ್ಟು ನೋಡಲಾಗಿತ್ತು. ದಿನವೂ ದುಬಾರಿ ಮೇವೇ ಬೇಕೆಂದಿಲ್ಲ ಎಂಬುದು ಅದರಿಂದ ತಿಳಿಯಿತು.

ಬೂಷ್ಟಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಮಳೆಗಾಲದಲ್ಲಿ ತೇವ ಹೀರಿದ ಹಿಂಡಿಯಲ್ಲಿ ಆಸ್ಪರ್ಜಿಲಸ್ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ, ಕಾರಣ ಅವು ತಿಂದ ಕಡಲೆಕಾಯಿ ಹಿಂಡಿ ಎಂದು ಗೊತ್ತಾಯಿತು. ಅದೇ ಹೊತ್ತಿಗೆ ಅಮೆರಿಕದ ಟ್ರೌಟ್ ಮೀನುಗಳಿಗೆ ಬಂದ ಯಕೃತ್ತಿನ ಕ್ಯಾನ್ಸರಿನ ಜಾಡು ಹತ್ತಿಬೀಜದ ಹಿಂಡಿಗೆ ತಲುಪಿತು. ಈ ವಿಷ ಕುದಿಸಿದರೂ ಹೋಗುವುದಿಲ್ಲ. ಹಳೆಯ ಕೊಬ್ಬರಿ ಹಿಂಡಿ ಸೋಪಿನ ವಾಸನೆ ಹೊಡೆದರೆ ತೇವಕ್ಕೆ ಅದರ ಎಣ್ಣೆ ಒಡೆದಿದೆ ಎಂದರ್ಥ. ಅಂಥದ್ದನ್ನು ಹಸುವಿಗೂ ಹಾಕಬಾರದು, ಮೀನಿಗೂ ಹಾಕಬಾರದು.

ಹಸಿವು ಹೆಚ್ಚಿಸುತ್ತವೆ ಎಂದು ಮಾರುವ ಸೀಸೆಗಳಿಗೆ ದುಡ್ಡು ಸುರಿಯುವ ಮೊದಲು ನೀರನ್ನು ನೋಡಬೇಕು. ರಾತ್ರಿಯಿಡೀ ಪಾಚಿಯೂ ಮೀನೂ ಆಮ್ಲಜನಕ ಬಳಸಿ ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ತೀರ ಕಡಿಮೆಯಾಗಿರುತ್ತದೆ. ಆಗ ಮೀನಿಗೆ ಮೃಷ್ಟಾನ್ನವೂ ಬೇಡ. ಮಾಗಿಯ ಚಳಿಯಲ್ಲಿ ನೀರು ತಣ್ಣಗಾದರೂ ಹಸಿವು ಇಳಿಯುತ್ತದೆ. ಬಿಸಿಲೇರಿದ ಮೇಲೆ ಒಮ್ಮೆ, ಮಧ್ಯಾಹ್ನದ ನಂತರ ಒಮ್ಮೆ ಕೊಡುವುದು ಒಳ್ಳೆಯದು, ಮೋಡ ಕವಿದ ದಿನ ಕಡಿಮೆ ಮಾಡಬೇಕು. ತಲಾ 200 ಗ್ರಾಂ ತೂಗುವ 500 ಮೀನುಗಳಿದ್ದರೆ ಒಟ್ಟು ತೂಕ 100 ಕೆಜಿ. ಅದರ ಶೇ. 2ರಿಂದ 3, ಅಂದರೆ ದಿನಕ್ಕೆ ಎರಡು ಮೂರು ಕೆಜಿ ಮೇವು. ಪುಡಿಯನ್ನು ಹಾಗೇ ಎರಚಿದರೆ ರುಚಿಯ ಸಾರವೆಲ್ಲ ನೀರಿಗೆ ಬಿಟ್ಟುಹೋಗುತ್ತದೆ, ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಇಳಿಬಿಡಬೇಕು. ಆಂಧ್ರದ ಕೊಲ್ಲೇರು ಕಡೆ ತೂತು ಮಾಡಿದ ಚೀಲಗಳಲ್ಲಿ ಮೇವು ತುಂಬಿ ಗೂಟಕ್ಕೆ ಕಟ್ಟುತ್ತಾರೆ, ರೋಹು ಬಂದು ತೂತಿನಿಂದ ಹೀರಿಕೊಳ್ಳುತ್ತದೆ. ಎರಡು ಗಂಟೆ ಬಿಟ್ಟು ತಟ್ಟೆ ಎತ್ತಿದಾಗ ಮೇವು ಉಳಿದಿದ್ದರೆ ಮಾರನೆಯ ದಿನ ಇಳಿಸಬೇಕು. ಮೀನು ಹಿಡಿದು ಸಾಗಿಸುವ ಹಿಂದಿನ ದಿನ ಮೇವೇ ಬೇಡ, ಕರುಳು ಖಾಲಿಯಿದ್ದ ಮೀನು ದಾರಿಯಲ್ಲಿ ಚೆನ್ನಾಗಿ ತಾಳುತ್ತದೆ.