ಇಲಿ ಬಿದ್ದ ಊರು

ಮಾಘ ಮಾಸದ ಭರತ ಹುಣ್ಣಿಮೆ ಸಮೀಪಿಸಿತೆಂದರೆ ತುಂಗಭದ್ರೆಯ ಎರಡು ದಂಡೆಗಳ ದಾರಿಗಳೂ ಮೈಲಾರದ ಕಡೆಗೆ ತಿರುಗುತ್ತವೆ. ಹೂವಿನಹಡಗಲಿ ತಾಲ್ಲೂಕಿನ ಈ ಊರು ವರ್ಷದ ಉಳಿದ ದಿನಗಳಲ್ಲಿ ಸಣ್ಣದೊಂದು ಗ್ರಾಮ. ಜಾತ್ರೆಯ ದಿನಗಳಲ್ಲಾದರೋ ಅಲ್ಲಿ ಲಕ್ಷಾಂತರ ಜನ ನೆರೆಯುತ್ತಾರೆ. ಕರಿಯ ಕಂಬಳಿಯ ಗೊರವರು, ಹಣೆಯ ತುಂಬ ಭಂಡಾರ, ಡಮರುಗದ ಸದ್ದು. ಉಪವಾಸವಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಆ ಜನಸಮುದ್ರವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆತನು ಒಂದೇ ಮಾತಿನ ಕಾರಣಿಕವನ್ನು ನುಡಿದು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ. ಆ ಮಾತಿನಲ್ಲಿ ಮಳೆಯನ್ನು ಕಾಣುವವರುಂಟು, ಬೆಳೆಯನ್ನು ಕಾಣುವವರುಂಟು, ರಾಜಕಾರಣವನ್ನು ಕಾಣುವವರಂತೂ ಬಹಳ ಮಂದಿ.

ಇದೇ ಜಾತ್ರೆಯನ್ನು ವೈದ್ಯನೊಬ್ಬನು ನೋಡಿದರೆ ಅವನಿಗೆ ತೋರುವುದೇ ಬೇರೆ. ನೂರಾರು ಊರುಗಳ ಜನ ಒಂದೆಡೆ ಕೂಡಿ, ಒಂದೇ ನೀರು ಕುಡಿದು, ಒತ್ತೊತ್ತಾಗಿ ಮಲಗಿ, ನಾಲ್ಕು ದಿನಗಳಲ್ಲಿ ಮತ್ತೆ ನೂರಾರು ಊರುಗಳಿಗೆ ಚೆದುರಿಹೋಗುತ್ತಾರೆ. ಅಂಟುಜಾಡ್ಯವೊಂದು ಲೋಕವನ್ನು ಸುತ್ತುತ್ತಿರುವಾಗ ಇಂಥ ಜಾತ್ರೆಯನ್ನು ನಡೆಯಗೊಡಬಹುದೇ? ಸರ್ಕಾರಗಳಿಗೆ ಈ ಪ್ರಶ್ನೆ ಗಟ್ಟಿಯಾಗಿ ಎದುರಾಯಿತು 1897–98ರ ಪ್ಲೇಗಿನ ಕಾಲದಲ್ಲಿ. ಆಗ ಮೈಲಾರವಿದ್ದುದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. ಹೊಳೆಯ ಆಚೆಯ ರಾಣೇಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ದಕ್ಷಿಣಕ್ಕೆ ಹರಿಹರದಲ್ಲಿ ಮೈಸೂರು ಸಂಸ್ಥಾನ; ಹೊಳೆಯುದ್ದಕ್ಕೂ ಕೆಳಕ್ಕೆ ಹೋದರೆ ಎಡದಂಡೆಯಲ್ಲಿ ನಿಜಾಮರ ಸೀಮೆ. ಒಂದೇ ಹೊಳೆಯ ಜನಕ್ಕೆ ನಾಲ್ಕು ಸರ್ಕಾರಗಳು! ರೋಗಕ್ಕೆ ಮಾತ್ರ ಈ ಗಡಿಗಳೊಂದೂ ತಿಳಿಯದು.

ಪ್ಲೇಗು 1894ರಲ್ಲಿ ಹಾಂಗ್‌ಕಾಂಗ್ ನಗರದಲ್ಲಿ ಹಬ್ಬಿತು. ಅಲ್ಲಿಯೇ ಅಲೆಕ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿಯು ರೋಗಿಗಳ ಗಂಟುಗಳಿಂದ ಅದರ ಏಕಾಣುಜೀವಿಯನ್ನು ಬೇರ್ಪಡಿಸಿ ತೋರಿಸಿದನು. 1896ರಲ್ಲಿ ಅದು ಮುಂಬಯಿಗೆ ಬಂದಿಳಿಯಿತು. ಯೂರೋಪಿನ ರಾಷ್ಟ್ರಗಳು ಬೆದರಿದುವು. 1897ರ ಆರಂಭದಲ್ಲಿ ವೆನಿಸ್ ನಗರದಲ್ಲಿ ಸಮ್ಮೇಳನವನ್ನೇ ನಡೆಸಿದುವು. ಭಾರತದ ಸರಕು ತುಂಬಿದ ಹಡಗುಗಳನ್ನು ತಮ್ಮ ರೇವುಗಳಿಂದ ಹೊರಗಿಟ್ಟಾರೆಂಬ ಭಯ ಬ್ರಿಟಿಷ್ ಸರ್ಕಾರವನ್ನು ಹಿಡಿಯಿತು. ಆ ವರ್ಷ ಹಜ್ ಯಾತ್ರೆಯನ್ನು ತಡೆಯಲಾಯಿತು. ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾನೂನು ಹುಟ್ಟಿತು. ಅದು ಬಹು ಚಿಕ್ಕ ಕಾನೂನು, ನಾಲ್ಕೇ ಕಲಮುಗಳು. ಸರ್ಕಾರವು ತನಗೆ ಅವಶ್ಯವೆಂದು ತೋರಿದ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು; ಮೀರಿದವರಿಗೆ ಶಿಕ್ಷೆ; ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಅದರ ತಿರುಳು ಇಷ್ಟೆ. ಇಷ್ಟು ಚಿಕ್ಕ ಕಾಗದದಲ್ಲಿ ಅಷ್ಟು ದೊಡ್ಡ ಅಧಿಕಾರ ಅಡಗಿದ್ದುದು ಅಪರೂಪ.

ಆ ಅಧಿಕಾರದ ಬಲದಿಂದ ರೈಲುಗಳನ್ನು ನಿಲ್ಲಿಸಿ ಪ್ರಯಾಣಿಕರ ಕಂಕುಳು ತೊಡೆಸಂದುಗಳನ್ನು ತಡವಿ ನೋಡಿದರು. ಸೋಂಕು ತಗುಲಿದವರನ್ನು ಮನೆಯಿಂದ ಎಳೆದೊಯ್ದು ಪ್ಲೇಗಿನ ಆಸ್ಪತ್ರೆಯಲ್ಲಿಟ್ಟರು. ಮನೆಯ ಉಳಿದವರನ್ನು ಬೇರೆಯಾದ ಶಿಬಿರದಲ್ಲಿ ಕೂಡಿಹಾಕಿದರು. ಹಾಸಿಗೆ ಬಟ್ಟೆಗಳನ್ನು ಸುಟ್ಟರು. ಗೋಡೆಗಳಿಗೆ ಸುಣ್ಣ, ನೆಲಕ್ಕೆ ಕಾರ್ಬಾಲಿಕ್ ಆಮ್ಲ. ಜಾತ್ರೆಗಳನ್ನು ತಡೆದರು. ಪೂನಾ ನಗರದಲ್ಲಿ ಈ ಕೆಲಸಕ್ಕೆ ಸಿಪಾಯಿಗಳನ್ನು ಮನೆಗಳೊಳಗೆ ನುಗ್ಗಿಸಲಾಯಿತು. 1897ರ ಜೂನ್ 22ರಂದು ಅಲ್ಲಿಯ ಪ್ಲೇಗ್ ಅಧಿಕಾರಿ ರ‍್ಯಾಂಡನನ್ನು ಚಾಪೇಕರ್ ಸಹೋದರರು ಗುಂಡಿಕ್ಕಿದರು. ಆ ಕಾವಿನಲ್ಲಿ ಬಾಲಗಂಗಾಧರ ತಿಲಕರು ರಾಜದ್ರೋಹದ ಆಪಾದನೆಗೆ ಗುರಿಯಾಗಿ ಸೆರೆಮನೆಗೆ ಹೋದರು. ಮೈಸೂರು ಸೀಮೆಯಲ್ಲಿಯೂ ಎಲ್ಲವೂ ಶಾಂತವಾಗಿರಲಿಲ್ಲ. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಜನ ದಂಗೆಯೆದ್ದರು.

ಜನರು ಅಜ್ಞಾನಿಗಳು, ಆದುದರಿಂದ ವಿರೋಧಿಸಿದರು ಎಂದು ಹೇಳುವುದು ಸುಲಭ. ಆದರೆ ಅಂದು ಅಜ್ಞಾನದಲ್ಲಿದ್ದವರು ಜನರಷ್ಟೇ ಅಲ್ಲ. ರೋಗದ ಜೀವಾಣು ಯಾವುದೆಂದು ವಿಜ್ಞಾನಕ್ಕೆ ತಿಳಿದಿತ್ತು. ಅದು ಒಬ್ಬನಿಂದ ಇನ್ನೊಬ್ಬನಿಗೆ ಯಾವ ದಾರಿಯಲ್ಲಿ ಹೋಗುವುದೆಂಬುದು ತಿಳಿದಿರಲಿಲ್ಲ. ಕೊಳೆಯಲ್ಲಿದೆ, ನೆಲದಲ್ಲಿದೆ, ರೋಗಿಯ ಬಟ್ಟೆಯಲ್ಲಿದೆ, ಪ್ರಯಾಣಿಕನ ಮೈಯಲ್ಲಿದೆ ಎಂದು ಊಹಿಸಿ ಅಧಿಕಾರಿಗಳು ಮನುಷ್ಯರನ್ನು ಅಡ್ಡಗಟ್ಟಿದರು. ರೋಗವು ಆ ವೇಳೆಗೆ ಮಾಳಿಗೆಯ ಮೇಲೆ ಓಡಾಡುತ್ತಿದ್ದಿತು.

1898ರಲ್ಲಿ ಪೌಲ್ ಲೂಯಿ ಸೀಮಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಒಂದು ಸರಳ ಪ್ರಯೋಗವನ್ನು ಮಾಡಿದನು. ಪ್ಲೇಗು ತಗುಲಿದ, ಚಿಗಟಗಳಿಂದ ಕೂಡಿದ ಇಲಿಯೊಂದನ್ನು ಗಾಜಿನ ಪಾತ್ರೆಯಲ್ಲಿಟ್ಟು, ಅದರ ಬಳಿಯಲ್ಲಿಯೇ ಆರೋಗ್ಯವಾದ ಇಲಿಯನ್ನು ಪಂಜರದಲ್ಲಿಟ್ಟನು. ಇಲಿಗಳು ಒಂದನ್ನೊಂದು ಮುಟ್ಟುವಂತಿರಲಿಲ್ಲ. ಚಿಗಟಗಳು ಮಾತ್ರ ಸರಳುಗಳ ನಡುವೆ ನೆಗೆದು ಹೋಗಬಹುದಾಗಿತ್ತು. ಮೊದಲನೆಯ ಇಲಿ ಸತ್ತಿತು. ಕೆಲವು ದಿನಗಳಲ್ಲಿ ಎರಡನೆಯದೂ ಪ್ಲೇಗಿನಿಂದಲೇ ಸತ್ತಿತು. ವಿದ್ವಾಂಸರು ಇದನ್ನು ಹಲವು ವರ್ಷ ನಂಬಲಿಲ್ಲ. 1905ರ ಬಳಿಕ ಮುಂಬಯಿಯಲ್ಲಿ ಪ್ಲೇಗ್ ಸಂಶೋಧನಾ ಮಂಡಲಿಯವರು ಗಿನಿಯಿಲಿಗಳನ್ನು ಪಂಜರಗಳಲ್ಲಿಟ್ಟು ಪರೀಕ್ಷಿಸಿದರು. ನೆಲದ ಮೇಲಿದ್ದವುಗಳಿಗೆ ರೋಗ ತಗುಲಿತು; ಚಿಗಟ ನೆಗೆಯಲಾರದಷ್ಟು ಎತ್ತರದಲ್ಲಿ ತೂಗುಹಾಕಿದವು ಉಳಿದುವು. ಅಲ್ಲಿಗೆ ವಾದ ಮುಗಿಯಿತು.

1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಎಂಬ ಇಬ್ಬರು ಇನ್ನೂ ವಿಚಿತ್ರವಾದ ಸಂಗತಿಯನ್ನು ಕಂಡರು. ಜೀವಾಣುಗಳು ಚಿಗಟದ ಜಠರದ ಬಾಯಲ್ಲಿ ಬೆಳೆದು ಗಂಟಾಗಿ ದಾರಿಯನ್ನೇ ಮುಚ್ಚಿಬಿಡುತ್ತವೆ. ಹೀರಿದ ರಕ್ತವು ಒಳಗಿಳಿಯದು. ಚಿಗಟಕ್ಕೆ ಹಸಿವು ತೀರದು. ಅದು ಹುಚ್ಚಿನಂತೆ ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗಲೆಲ್ಲ ಒಳಗಿನ ಜೀವಾಣುಗಳು ಹೊರಕ್ಕೆ ಚೆಲ್ಲಿ ಗಾಯವನ್ನು ಸೇರುತ್ತವೆ. ಇಲಿ ಸತ್ತು ತಣ್ಣಗಾದೊಡನೆ ಚಿಗಟಗಳು ಬೆಚ್ಚಗಿನ ಬೇರೊಂದು ಮೈಯನ್ನು ಹುಡುಕಿ ಹೊರಡುತ್ತವೆ. ಮನೆಯಲ್ಲಿ ಮಲಗಿದ ಮನುಷ್ಯನೇ ಅವುಗಳಿಗೆ ಸಮೀಪದ ಮೈ.

ಈಗ ಅಂದಿನ ಕ್ರಮಗಳತ್ತ ಮತ್ತೊಮ್ಮೆ ನೋಡೋಣ. ಚರಂಡಿ ತೊಳೆದು, ಗೋದಾಮು ಕೆದಕಿ, ಮನೆ ಕಿತ್ತು ಇಲಿಗಳನ್ನು ಎಬ್ಬಿಸಿದಾಗ ಅವು ಪಕ್ಕದ ಕೇರಿಗೆ ಹೊರಟುಹೋದುವು. ಸರ್ಕಾರವೇ ರೋಗವನ್ನು ಸಾಗಿಸಿದಂತಾಯಿತು. ರೈಲು ನಿಲ್ದಾಣದಲ್ಲಿ ನಿಲ್ಲಿಸಿದುದು ಮನುಷ್ಯನನ್ನು. ಧಾನ್ಯದ ಚೀಲದೊಳಗೆ ಕುಳಿತ ಇಲಿಯೂ ಚಿಗಟವೂ ಯಾವ ತಪಾಸಣೆಯೂ ಇಲ್ಲದೆ ಊರು ಸೇರಿದುವು.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಕಡೆಯ ಹಳ್ಳಿಮನೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಬೆಳಕು ಕಡಿಮೆಯಾದ ಒಳಮನೆ. ಜೋಳ ತುಂಬಿದ ಹಗೇವು, ಮೂಲೆಯಲ್ಲಿ ಚೀಲಗಳ ಸಾಲು. ಇಲಿಗೆ ಇದಕ್ಕಿಂತ ಸುಖವಾದ ಸ್ಥಳ ಯಾವುದು? ಆದರೆ ಹಳ್ಳಿಗರು ಒಂದು ವಿಷಯವನ್ನು ಬೇಗನೆ ಗುರುತಿಸಿದರು. ಮೊದಲು ಇಲಿ ಬೀಳುತ್ತದೆ, ಆಮೇಲೆ ಮನುಷ್ಯ ಬೀಳುತ್ತಾನೆ. ಮಾಳಿಗೆಯಿಂದ ಸತ್ತ ಇಲಿ ಬಿತ್ತೆಂದರೆ ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುವುದು ಕನ್ನಡ ನಾಡಿನಲ್ಲೆಲ್ಲ ರೂಢಿಗೆ ಬಂದಿತು. ಇದಕ್ಕೆ ಪ್ರಯೋಗಶಾಲೆ ಬೇಕಾಗಲಿಲ್ಲ, ಕಣ್ಣು ಸಾಕಾಯಿತು. ಬಯಲಿನ ಗುಡಿಸಲಲ್ಲಿ ಬಿಸಿಲಿತ್ತು, ಕೂಡಿಟ್ಟ ಧಾನ್ಯವಿರಲಿಲ್ಲ, ಆದುದರಿಂದ ಇಲಿಯಿರಲಿಲ್ಲ. ಪ್ಲೇಗಮ್ಮನಿಗೆ ಗುಡಿ ಕಟ್ಟಿ ಪೂಜಿಸಿದವರೂ ಇವರೇ, ಊರು ಬಿಟ್ಟು ಬದುಕಿದವರೂ ಇವರೇ. ಎರಡರಲ್ಲಿ ಒಂದನ್ನು ಮಾತ್ರ ನೆನೆದು ನಗುವುದು ನ್ಯಾಯವಲ್ಲ. ಕಾಲಕ್ರಮದಲ್ಲಿ ಸರ್ಕಾರಗಳೂ ಒತ್ತಾಯದ ಶೋಧನೆಗಳನ್ನು ಸಡಿಲಿಸಿ, ಊರು ಬಿಡಿಸುವುದನ್ನೂ ಲಸಿಕೆಯನ್ನೂ ಮುಖ್ಯವಾಗಿ ನಂಬಿದುವು. ಮೈಸೂರು ಸಂಸ್ಥಾನದಲ್ಲಿ ಪ್ಲೇಗ್ ಕಮಿಷನರಾಗಿದ್ದವರು ವಿ. ಪಿ. ಮಾಧವರಾಯರು. ಬೆಂಗಳೂರಿನ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರುವುದಕ್ಕಾಗಿಯೇ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳು ಬೆಳೆದುವು.

ಲಸಿಕೆಯ ಮಾತು ಬಂದಾಗ ಹುಬ್ಬಳ್ಳಿಯನ್ನು ಬಿಡುವಂತಿಲ್ಲ. ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದನು. ಮರುವರ್ಷ ಪ್ಲೇಗು ಹುಬ್ಬಳ್ಳಿಯನ್ನು ಹಿಡಿದಾಗ ಸುಮಾರು 50 ಸಾವಿರ ಜನರ ಆ ಪಟ್ಟಣದಲ್ಲಿ ಡಾಕ್ಟರ್ ಲೂಮನ್ ಮುಂತಾದವರು ಸಾವಿರಾರು ಮಂದಿಗೆ, ಬಹುಪಾಲು ಪಟ್ಟಣಕ್ಕೇ ಎನ್ನಬಹುದು, ಚುಚ್ಚುಮದ್ದು ಹಾಕಿದರು. ಪೂನಾದಲ್ಲಿ ಬಂದೂಕಿನಿಂದ ಆಗದುದು ಹುಬ್ಬಳ್ಳಿಯಲ್ಲಿ ಸೂಜಿಯಿಂದ ಆಯಿತೇ? ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ಎಚ್ಚರದಿಂದಿರಬೇಕು. ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಕಡಿಮೆಯೆಂದು ಲೆಕ್ಕಗಳು ತೋರಿದುವು, ನಿಜ. ಆದರೆ ಮುಂದೆ ಬಂದು ತೋಳು ಚಾಚಿದವರು ಬಡವರೋ ಉಳ್ಳವರೋ, ಇಲಿ ಬಿದ್ದ ಕೇರಿಯವರೋ ಬಯಲಿಗೆ ಹೋದವರೋ ಎಂಬುದನ್ನು ವಿಚಾರಿಸದೆ ಎರಡು ಗುಂಪುಗಳನ್ನು ಹೋಲಿಸಿದರೆ ಲಸಿಕೆಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಕೀರ್ತಿ ಸಲ್ಲಬಹುದು. ಇನ್ನೊಂದು ಅಂಶವೂ ಉಂಟು. ಲಸಿಕೆಯ ಚೀಟಿಯುಳ್ಳವರಿಗೆ ಶಿಬಿರಗಳ ಬಂಧನದಿಂದ ವಿನಾಯಿತಿ ದೊರೆಯುತ್ತಿತ್ತು. ಸೂಜಿಯ ನೋವಿಗೆ ಪ್ರತಿಯಾಗಿ ಓಡಾಡುವ ಸ್ವಾತಂತ್ರ್ಯ: ಜನರಿಗೆ ಇದು ಅರ್ಥವಾಗುವ ವ್ಯಾಪಾರವಾಗಿದ್ದಿತು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್‌ನ ಮೇಲೆ ಹೊರಿಸಿದ ತಪ್ಪು ಸುಳ್ಳೆಂದು ತೀರ್ಮಾನವಾಗಲು ವರ್ಷಗಳೇ ಹಿಡಿದುವು. ಅಷ್ಟರಲ್ಲಿ ಜನರ ನಂಬಿಕೆ ಸಾಕಷ್ಟು ಸೋರಿಹೋಗಿದ್ದಿತು.

1918ರ ಇನ್‌ಫ್ಲುಯೆಂಜಾ ಬೇರೆಯೇ ಬಗೆಯ ಶತ್ರು. ಇಲಿಯ ಹಂಗಿಲ್ಲದೆ ಉಸಿರಿನಿಂದಲೇ ಹರಡುವ ಆ ಜ್ವರವು ಯುದ್ಧದಿಂದ ಮರಳಿದ ಹಡಗುಗಳೊಡನೆ ಮುಂಬಯಿಗೆ ಬಂದು ಕೆಲವೇ ತಿಂಗಳುಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಸತ್ತವರು ಕೋಟಿಗೂ ಮೀರಿದರು. 1921ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆಯು 1911ರಲ್ಲಿದ್ದುದಕ್ಕಿಂತ ಕಡಿಮೆಯಾಗಿ ಕಂಡಿತು. ಪ್ಲೇಗಿಗೆಂದು ಕಲಿತ ಪಾಠಗಳು ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಈ ಹಿನ್ನೆಲೆಯಲ್ಲಿ 2020ನೆಯ ವರ್ಷವನ್ನು ನೋಡಬೇಕು. ಆ ವರ್ಷದ ಭರತ ಹುಣ್ಣಿಮೆ ಫೆಬ್ರವರಿ 9ರಂದು ಬಂದಿತು. ಕೇರಳದಲ್ಲಿ ಭಾರತದ ಮೊದಲ ಕೋವಿಡ್ ರೋಗಿಯು ಪತ್ತೆಯಾಗಿ ಹತ್ತೇ ದಿನಗಳಾಗಿದ್ದುವು. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಾಗತಿಕ ಪಿಡುಗೆಂದು ಸಾರಿದುದು ಮಾರ್ಚ್ 11ರಂದು. ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲಿಯೇ ಸಂಭವಿಸಿತು. ಮಾರ್ಚ್ 25ರಿಂದ ಇಡೀ ದೇಶ ಬಾಗಿಲು ಹಾಕಿತು. ಹುಣ್ಣಿಮೆಯು ಆರು ವಾರ ತಡವಾಗಿ ಬಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಮೈ ನಡುಗುತ್ತದೆ. ಸರ್ಕಾರಗಳು ಆಗ ಕೈಗೆತ್ತಿಕೊಂಡ ಆಯುಧ ಯಾವುದು? 1897ರ ಅದೇ ನಾಲ್ಕು ಕಲಮುಗಳ ಕಾನೂನು. ಕರ್ನಾಟಕವು ಅದೇ ವರ್ಷ ತನ್ನದೇ ಆದ ಹೊಸ ಸಾಂಕ್ರಾಮಿಕ ಕಾಯಿದೆಯನ್ನೂ ರಚಿಸಿತು.

ಇಲ್ಲಿ ಒಂದು ವಿಚಿತ್ರವುಂಟು. ಜನರನ್ನು ತಡೆಯುವ, ಜಾತ್ರೆ ನಿಲ್ಲಿಸುವ ಕ್ರಮವು ಪ್ಲೇಗಿನ ವಿಷಯದಲ್ಲಿ ಬಹುಮಟ್ಟಿಗೆ ಗುರಿತಪ್ಪಿದ ಬಾಣ. ಕೋವಿಡ್ ವಿಷಯದಲ್ಲಿ ಅದೇ ಸರಿಯಾದ ಬಾಣ. ಏಕೆಂದರೆ ಈ ವೈರಾಣುವಿಗೆ ವಾಹನ ಮನುಷ್ಯನೇ. ರೋಗದ ಲಕ್ಷಣ ತೋರುವುದಕ್ಕೆ ಮೊದಲೇ ಉಸಿರಿನೊಡನೆ ಹೊರಡುತ್ತದೆ. ಹೊಲದ ಗುಡಿಸಲಿಗೆ ಹೋದ ಅಜ್ಜನ ಉಪಾಯ ಮೊಮ್ಮಗನಿಗೆ ಅರ್ಧ ಮಾತ್ರ ಒದಗಿತು: ಬಯಲಿನ ಗಾಳಿ ಒಳ್ಳೆಯದೇ, ಆದರೆ ನಗರದಿಂದ ಹಳ್ಳಿಗೆ ಗುಂಪಾಗಿ ಬರುವುದು ಅಪಾಯ. ಕೆಲಸ ಕಳೆದುಕೊಂಡು ನಡೆದು ಬಂದ ಕೂಲಿಗಾರನಿಗೆ ಬೇರೆ ದಾರಿಯೂ ಇರಲಿಲ್ಲವೆನ್ನಿ.

ಜೀವಾಣುವು ಬದಲಾದರೂ ಬದಲಾಗದೆ ಉಳಿದ ಭಯವೊಂದಿದೆ. 1897ರಲ್ಲಿ ಜನರನ್ನು ಕೆರಳಿಸಿದುದು ಸಾವಷ್ಟೇ ಅಲ್ಲ; ತಮ್ಮವರು ಪರರ ಕೈಯಲ್ಲಿ ಸಾಯುವರು, ಶವಕ್ಕೆ ಸಂಸ್ಕಾರ ಸಿಕ್ಕದು ಎಂಬ ಯೋಚನೆ. ರೋಗಿಗಳನ್ನು ಬಚ್ಚಿಟ್ಟುದು ಅದಕ್ಕಾಗಿಯೇ. ಬಚ್ಚಿಟ್ಟ ಕಾರಣ ಲೆಕ್ಕ ತಪ್ಪಿತು, ಲೆಕ್ಕ ತಪ್ಪಿದ ಕಾರಣ ತಪಾಸಣೆ ಮತ್ತಷ್ಟು ಬಿಗಿಯಾಯಿತು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದ ದೃಶ್ಯವನ್ನು ನಾಡೆಲ್ಲ ಕಂಡಿತು. ಮೈಮುಚ್ಚುವ ಉಡುಪು ತೊಟ್ಟ ಸಿಬ್ಬಂದಿ, ಕಪ್ಪು ಚೀಲಗಳು, ಅಗೆದ ಮಣ್ಣು. ಸೋಂಕಿನ ದೃಷ್ಟಿಯಿಂದ ಅಷ್ಟು ಅವಸರಕ್ಕೆ ಕಾರಣವೇ ಇರಲಿಲ್ಲ. ಚೀಲದಲ್ಲಿ ಸರಿಯಾಗಿ ಸುತ್ತಿದ ದೇಹವನ್ನು ನಿಧಾನವಾಗಿ, ಗೌರವದಿಂದ ಇಳಿಸಬಹುದಾಗಿದ್ದಿತು. ಜಿಲ್ಲಾಡಳಿತವು ಮೃತರ ಕುಟುಂಬಗಳ ಮತ್ತು ಜಿಲ್ಲೆಯ ಜನರ ಕ್ಷಮೆಯನ್ನು ಬಹಿರಂಗವಾಗಿ ಕೇಳಿತು. ಆ ಕೆಲಸದಲ್ಲಿದ್ದ ತಂಡವನ್ನು ತೆಗೆದು, ತರಬೇತಿ ಪಡೆದ ಬೇರೊಂದು ತಂಡಕ್ಕೆ ಅದನ್ನು ವಹಿಸಿತು.