ಯಂತ್ರಗಳು ಓದುವ ಬೀಜಕ

ಸೇರು, ಕೊಳಗಗಳ ಅಳತೆ ಊರಿಂದೂರಿಗೆ ಬೇರೆಯಾಗಿದ್ದ ಕಾಲವೊಂದಿತ್ತು. ಒಂದು ಸಂತೆಯಲ್ಲಿ ಅಳೆದ ರಾಗಿಯನ್ನು ಮತ್ತೊಂದು ಸಂತೆಯಲ್ಲಿ ಪುನಃ ಅಳೆಯಬೇಕಾಗುತ್ತಿತ್ತು. 1956ರ ಕಾಯಿದೆಯು ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿಯನ್ನು ಗೊತ್ತುಮಾಡಿದ ಮೇಲೆ ಈ ತೊಡಕು ಕ್ರಮೇಣ ನೀಗಿತು. ಅಂಥದೇ ತೊಡಕನ್ನು ಈಗ ನಾವು ವ್ಯಾಪಾರದ ಕಾಗದಪತ್ರಗಳಲ್ಲಿ ಕಾಣುತ್ತೇವೆ.

ಕಾರ್ಖಾನೆಯೊಂದು ಕಂಪ್ಯೂಟರಿನಲ್ಲಿ ಬೇಡಿಕೆಪಟ್ಟಿ ಸಿದ್ಧಪಡಿಸಿ, ಅಚ್ಚುಮಾಡಿ ಕಳುಹಿಸುತ್ತದೆನ್ನೋಣ. ಮಾರುವವರ ಕಚೇರಿಯ ಗುಮಾಸ್ತರು ಅದನ್ನು ಓದಿ ತಮ್ಮ ಕಂಪ್ಯೂಟರಿಗೆ ಮತ್ತೆ ಬೆರಳಚ್ಚು ಮಾಡುತ್ತಾರೆ. ಯಂತ್ರವು ಯಂತ್ರದೊಡನೆ ನೇರವಾಗಿ ಮಾತಾಡಬಾರದೇಕೆ? 03-04-2024 ಎಂದರೆ ನಮಗೆ ಏಪ್ರಿಲ್ 3. ಅಮೆರಿಕದವರಿಗೆ ಮಾರ್ಚ್ 4. ಮನುಷ್ಯನು ಸಂದರ್ಭವರಿತು ಊಹಿಸಬಲ್ಲ. ಯಂತ್ರವು ತನಗೆ ವಿಧಿಸಿದ ನಿಯಮದಂತೆ ಮಾತ್ರ ಓದುತ್ತದೆ. ಆದುದರಿಂದ ಯಾವ ಮಾಹಿತಿ ಎಲ್ಲಿ, ಯಾವ ರೂಪದಲ್ಲಿರಬೇಕೆಂದು ಉಭಯರೂ ಮೊದಲೇ ಒಪ್ಪಿಕೊಂಡಿರಬೇಕು. ಈ ಒಪ್ಪಂದವೇ ದತ್ತಾಂಶ ಮಾನಕ.

ಇದರ ಮೂಲವನ್ನು ಹುಡುಕುತ್ತ ಹೋದರೆ ನಾವು ಬರ್ಲಿನ್ ನಗರವನ್ನು ತಲಪುತ್ತೇವೆ. 1948ರ ಜೂನ್ ತಿಂಗಳಲ್ಲಿ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್ನಿನ ನೆಲದಾರಿಗಳನ್ನು ಮುಚ್ಚಿದುವು. ಅಮೆರಿಕ ಮತ್ತು ಬ್ರಿಟನ್ನಿನ ವಿಮಾನಗಳು ಸುಮಾರು ಹದಿನೈದು ತಿಂಗಳಲ್ಲಿ 23 ಲಕ್ಷ ಟನ್ನಿನಷ್ಟು ಕಲ್ಲಿದ್ದಲು, ಆಹಾರ ಮುಂತಾದುವನ್ನು ಹೊತ್ತು ತಂದುವು. ಸರಕುಪಟ್ಟಿಗಳಾದರೋ ಒಂದೊಂದು ಒಂದೊಂದು ಬಗೆ. ಟೆಲೆಕ್ಸ್, ರೇಡಿಯೋ, ಟೆಲಿಫೋನ್ ಯಾವುದರಿಂದಲಾದರೂ ಕಳುಹಬಹುದಾದ ಏಕರೂಪದ ಪಟ್ಟಿಯನ್ನು ರೂಪಿಸುವುದರಲ್ಲಿ ಅಮೆರಿಕದ ಸೈನ್ಯದ ಎಡ್ವರ್ಡ್ ಗಿಲ್ಬರ್ಟ್ ಪಾಲ್ಗೊಂಡರು. ಮುಂದೆ 1960ರ ದಶಕದಲ್ಲಿ ಅದೇ ಉಪಾಯವನ್ನು ಅವರು ವ್ಯಾಪಾರಕ್ಕೆ ತಂದರು. 1979ರಲ್ಲಿ ಅಮೆರಿಕದ 'ಎಕ್ಸ್-12' ಸಮಿತಿ ಸ್ಥಾಪಿತವಾಯಿತು. 1987ರಲ್ಲಿ ವಿಶ್ವಸಂಸ್ಥೆಯ 'ಎಡಿಫ್ಯಾಕ್ಟ್' ಕ್ರಮದ ವ್ಯಾಕರಣವು ಅಂತರರಾಷ್ಟ್ರೀಯ ಮಾನಕವಾಯಿತು.

ಎಡಿಫ್ಯಾಕ್ಟ್ ಸಂದೇಶದ ಪ್ರತಿಯೊಂದು ಖಂಡವೂ ಮೂರಕ್ಷರದ ಗುರುತಿನಿಂದ ಮೊದಲಾಗುತ್ತದೆ. 'ಎನ್.ಎ.ಡಿ.' ಎಂದರೆ ಹೆಸರು ಮತ್ತು ವಿಳಾಸ, 'ಕ್ಯೂ.ಟಿ.ವೈ.' ಎಂದರೆ ಪರಿಮಾಣ. ಕೂಡುವ ಚಿಹ್ನೆಯು ಅಂಶಗಳನ್ನು ಬೇರ್ಪಡಿಸುತ್ತದೆ. ಕಿಲೋಗ್ರಾಮಿಗೆ 'ಕೆ.ಜಿ.ಎಂ.', ನಮ್ಮ ರೂಪಾಯಿಗೆ 'ಐ.ಎನ್.ಆರ್.' ಎಂಬ ಸಂಕೇತಗಳು ಗೊತ್ತಾಗಿವೆ.

ಮಾನಕವು ಮುಕ್ತವಾಗಿರಬೇಕೇಕೆ? ನೂರು ಸಂಸ್ಥೆಗಳು ಇಬ್ಬಿಬ್ಬರಾಗಿ ಬೇರೆಬೇರೆ ಏರ್ಪಾಡು ಮಾಡಿಕೊಂಡರೆ 4950 ಏರ್ಪಾಡುಗಳಾಗುತ್ತವೆ. ಸಾಮಾನ್ಯವಾದ ರೂಪವೊಂದಿದ್ದರೆ ಪ್ರತಿಯೊಬ್ಬರೂ ಅದೊಂದನ್ನೇ ಕಲಿತರೆ ಸಾಕು. ಆದರೆ ಆ ರೂಪವು ಒಬ್ಬ ದೊಡ್ಡ ವರ್ತಕನ ಸೊತ್ತಾದರೆ ಉಳಿದವರು ಅವನ ಹಂಗಿಗೆ ಬೀಳುತ್ತಾರೆ. ಮೊದಮೊದಲು ಸಂದೇಶಗಳು ಖಾಸಗಿ ಜಾಲಗಳ ಮೂಲಕ, ಅಕ್ಷರಗಳ ಎಣಿಕೆಯ ಮೇಲೆ ದರ ತೆತ್ತು ಸಾಗುತ್ತಿದ್ದುದರಿಂದ ಸಣ್ಣವರಿಗೆ ಅವು ಎಟುಕುತ್ತಿರಲಿಲ್ಲ. ಇಂಟರ್ನೆಟ್ ಬಂದ ಮೇಲೆ ಆ ಹೊರೆ ಹಗುರಾಯಿತು. 2004ರಲ್ಲಿ ಓಯಸಿಸ್ ಸಂಸ್ಥೆ ಪ್ರಕಟಿಸಿದ 'ಯು.ಬಿ.ಎಲ್.' ಮಾನಕವನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು. ಮರುವರ್ಷವೇ ಡೆನ್ಮಾರ್ಕ್ ಸರ್ಕಾರವು ತನಗೆ ಬರುವ ಬೀಜಕಗಳು ವಿದ್ಯುನ್ಮಾನ ರೂಪದಲ್ಲಿರಬೇಕೆಂದು ವಿಧಿಸಿತು.

ನಮ್ಮ ದೇಶದಲ್ಲಿ 2020ರ ಅಕ್ಟೋಬರ್ 1ರಿಂದ, 500 ಕೋಟಿ ರೂಪಾಯಿಗೆ ಮೀರಿದ ವಹಿವಾಟಿನವರು ವರ್ತಕರಿಗೆ ಕೊಡುವ ಬೀಜಕಗಳಿಗೆ ಜಿ.ಎಸ್.ಟಿ. ವ್ಯವಸ್ಥೆಯು ಒಂದೇ ರೂಪವನ್ನು ವಿಧಿಸಿತು. 2023ರ ಆಗಸ್ಟ್ 1ರಿಂದ ಆ ಮಿತಿ 5 ಕೋಟಿಗಿಳಿಯಿತು. ನೋಂದಣಿ ಕೇಂದ್ರದ ಯಂತ್ರವು ಬೀಜಕವನ್ನು ಪರೀಕ್ಷಿಸಿ, 64 ಅಕ್ಷರಾಂಕಗಳ ಗುರುತುಸಂಖ್ಯೆಯನ್ನೂ ಕ್ಯೂಆರ್ ಚಿತ್ರವನ್ನೂ ಹಿಂದಿರುಗಿಸುತ್ತದೆ.

ಮಾನಕವೊಂದರಿಂದಲೇ ಲೆಕ್ಕ ಸತ್ಯವಾಗದು. ತಪ್ಪು ಅಂಕಿಯೂ ಅಷ್ಟೇ ವೇಗದಿಂದ ಸಾಗುತ್ತದೆ. ಆದರೆ ರೂಪವು ಎಲ್ಲರಿಗೂ ತಿಳಿದಿರುವಲ್ಲಿ ಸಣ್ಣ ಪಟ್ಟಣದ ಯುವಕನೂ ಅದಕ್ಕೊಪ್ಪುವ ಲೆಕ್ಕದ ತಂತ್ರಾಂಶವನ್ನು ಬರೆಯಬಲ್ಲ. ತಂತ್ರಾಂಶ ಮಾರಿದ ಕಂಪನಿ ಮುಚ್ಚಿಹೋದರೂ ವರ್ತಕನ ಹಳೆಯ ಬೀಜಕಗಳನ್ನು ಮತ್ತೊಂದು ಯಂತ್ರ ಓದಬಲ್ಲುದು. ತನ್ನ ಲೆಕ್ಕ ತನ್ನ ಕೈಯಲ್ಲಿಯೇ ಉಳಿಯುವುದು ಸಣ್ಣ ವ್ಯಾಪಾರಿಗೆ ಅಲ್ಪ ಲಾಭವೇನಲ್ಲ.