ಆಟ ಸಿಹಿ, ಮಾತು ಕಹಿ

2021ರ ಜುಲೈಯಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಆಟ ಬಂದಿತು. ನಾಲ್ವರದೊಂದು ತಂಡ, ಎಲ್ಲೆಲ್ಲಿಯವರೋ ಮಾತಾಡಿಕೊಂಡು ಆಡುತ್ತಾರೆ. ದಾಳಿಂಬದ ನಮ್ಮ ಮನೆಯಲ್ಲಿ ಮೊಮ್ಮಗ ಅದನ್ನು ಆಸೆಯಿಂದ ಆಡುತ್ತಿದ್ದ. ಒಂದು ತಪ್ಪಿಗೆ ಜೊತೆಗಾರರು ತಾಯಿಯ ಹೆಸರೆತ್ತಿ ಬೈದರು. ಸೋತಾಗ ಅಳದವನು ಆ ಮಾತಿಗೆ ಅತ್ತ. ಮರುದಿನದಿಂದ ಆಟದ ಮೇಲೆ ಮನಸ್ಸಿಲ್ಲ, ಬೈಗುಳದ ಮೇಲೇ ಕಿವಿ. ಕನ್ನಡವಿರಲಿ, ಮರಾಠಿಯಿರಲಿ, ನೋವು ಒಂದೇ.

ಬ್ಯಾಂಕಿನ ಕೌಂಟರಿನಲ್ಲಿ ನಾನೂ ಬೈಗುಳ ತಿಂದವನೇ. ಆದರೆ ಬೈದವರ ಮುಖ ಕಾಣುತ್ತಿತ್ತು. ಮುಂದೆ ಸಂತೆಯಲ್ಲಿ ಅವರೇ ನಮಸ್ಕರಿಸುತ್ತಿದ್ದರು. ಮುಖ ಕಾಣದ ಕಡೆ ನಾಲಿಗೆಗೆ ನಾಚಿಕೆಯಿಲ್ಲ.

ಆಟದಲ್ಲಿ ಪರರ ದನಿ ನಿಲ್ಲಿಸುವ ಗುಂಡಿಯಿದೆ, ಮಕ್ಕಳಿಗೆ ತೋರಿಸಿರಿ. ಬೈಯುವವರು ನಮ್ಮ ಮಕ್ಕಳೇ ಆಗಿದ್ದರೆ? ಆಗ ಕಿವಿ ಹಿಂಡಬೇಕಾದವರು ನಾವೇ.